ಕಾಳುಮೆಣಸು ನೇರ ಖರೀದಿ: ಈ ಸುಗ್ಗಿಯ 60 ಕೆಜಿ ಲಾಟಿನ ದಾಖಲೆ

ಬೆಂಗಳೂರಿನ 56 ಮನೆಗೆ ಮನೆಗೊಂದು ಕೆಜಿ ಕಾಳುಮೆಣಸು, ಬೆಳೆದವರಿಂದಲೇ. ಪೇಟೆಯ ಬಿಡಿ ಮೆಣಸಿಗೆ ಊರು ಇರುವುದಿಲ್ಲ, ಅದಕ್ಕೇ ಈ ಯೋಜನೆ. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ. ಅಲ್ಲಿಂದ ನೇರವಾಗಿ ಬಂದರೆ ಸುಂಕ ಭಾರ, ಶ್ರೀಲಂಕಾದ ಮೆಣಸಿಗೆ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಇದೆ. ಆ ದಾರಿಯಲ್ಲಿ ವಿಯೆಟ್ನಾಂ ಮಾಲು ನುಗ್ಗುತ್ತಿದೆ ಎಂಬುದು ಮಲೆನಾಡಿನ ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದು ಇದೇ ಕಾರಣಕ್ಕೆ. ಇಷ್ಟಾದರೂ ಒಮ್ಮೆ ಚೀಲ ಬೆರೆತರೆ ಯಾವ ಕಾಳು ಯಾವ ನೆಲದ್ದು ಅಂತ ಹೇಳುವವರಿಲ್ಲ.

ಜನವರಿ ಮೂರನೇ ವಾರ: ಮೂರು ಮಾದರಿ

ಎರಡು ಮಾದರಿ ಶಿರಸಿ ಕಡೆಯ ಅಡಿಕೆ ತೋಟಗಳದ್ದು: ಒಂದು ಪಣಿಯೂರು-1 ತಳಿ, ಇನ್ನೊಂದು ಮಲ್ಲಿಗೆಸರ ತಳಿ. ಮೂರನೆಯದು ನಗರದ ಸಗಟು ಅಂಗಡಿಯ ಬಿಡಿ ಮೆಣಸು, ಕೆಜಿಗೆ 690. ಕೊಡಗಿನದು ಈಗಲೇ ಕೇಳಲಿಲ್ಲ. ಅಲ್ಲಿ ಕೊಯ್ಲು ತಡ, ಮಾಲು ಕೈಗೆ ಸಿಗುವುದು ಮಾರ್ಚ್ ಹೊತ್ತಿಗೆ. ಜನವರಿಯಲ್ಲಿ ಯಾರಾದರೂ 'ಕೂರ್ಗ್ ಹೊಸ ಬೆಳೆ' ಅಂತ ಕೊಟ್ಟರೆ ಯಾವ ತೋಟ, ಯಾವ ವಾರ ಕೊಯ್ದದ್ದು ಅಂತ ಕೇಳಲೇಬೇಕು.

ಮೊದಲು ಲೀಟರ್ ತೂಕ. ಒಂದು ಲೀಟರ್ ಅಳತೆ ಪಾತ್ರೆಯ ತೂಕ ಕಳೆದು, ಗೇಣೆತ್ತರದಿಂದ ಮೆಣಸು ಸುರಿದು, ಸ್ಕೇಲಿನಿಂದ ಬಾಯಿ ಸಮ ಸವರಿ ತೂಗಬೇಕು. ಪಾತ್ರೆ ಕುಟ್ಟಬಾರದು, ಅಲುಗಿಸಲೂಬಾರದು. ಕುಟ್ಟಿದರೆ ಕಾಳು ಕೂತು ತೂಕ ಏರುತ್ತದೆ, ಹಗುರ ಮಾಲೂ ಭಾರವೆಂದು ತೋರುತ್ತದೆ. ಮೂರು ಸಲ ತೂಗಿದ ಸರಾಸರಿ:

ಪಣಿಯೂರು-1: 556 ಗ್ರಾಂ
ಮಲ್ಲಿಗೆಸರ: 571 ಗ್ರಾಂ
ಪೇಟೆಯದು: 548 ಗ್ರಾಂ

ಈ ಅಂಕಿ ನೋಡಿ ತೀರ್ಪು ಕೊಡುವ ಹಾಗಿಲ್ಲ. ಸಗಟು ವ್ಯಾಪಾರದಲ್ಲಿ 500, 550 ಎಂದು ಲೀಟರ್ ತೂಕದ ಮೇಲೇ ದರ್ಜೆ ಕಟ್ಟುತ್ತಾರೆ, ವಿಯೆಟ್ನಾಂ ಮೆಣಸೂ 550 ಮುಟ್ಟುತ್ತದೆ. ಲೀಟರ್ ತೂಕ ಹೇಳುವುದು ಕಾಳು ಎಷ್ಟು ಬಲಿತಿದೆ ಎಂಬುದನ್ನು ಮಾತ್ರ. ಗಾತ್ರವೂ ಹಾಗೇ. 4.75 ಮಿಮೀ ಜರಡಿಯ ಮೇಲೆ ನಿಲ್ಲುವ ದಪ್ಪ ಕಾಳಿಗೆ ತೆಲ್ಲಿಚೆರಿ ಎಂಬ ಹೆಸರಿದ್ದರೂ ಅದು ದರ್ಜೆಯ ಹೆಸರು, ಊರಿನ ಗುರುತಲ್ಲ.

ಆಮೇಲೆ ಜೊಳ್ಳು. 100 ಗ್ರಾಂ ಮೆಣಸು ನೀರಿಗೆ ಹಾಕಿ, ಕೈಯಾಡಿಸಿ ಗಾಳಿಗುಳ್ಳೆ ಬಿಡಿಸಿ, ಎರಡು ನಿಮಿಷ ಬಿಟ್ಟು ತೇಲಿದ್ದನ್ನು ತೆಗೆದು ಒಣಗಿಸಿ ತೂಗಿದ್ದು, ಮೇಲಿನ ಕ್ರಮದಲ್ಲೇ: 6, 4, 9 ಗ್ರಾಂ. ಪ್ರಯೋಗಾಲಯದಲ್ಲಿ ನೀರಿಗಿಂತ ಹಗುರವಾದ ಸ್ಪಿರಿಟ್ ಮಿಶ್ರಣ ಬಳಸುವುದರಿಂದ ಅಲ್ಲಿ ತೇಲುವುದು ಕಡಿಮೆ. ಹಾಗಾಗಿ ನೀರಿನ ಲೆಕ್ಕವನ್ನು ಮಾದರಿ ಮಾದರಿಗಳ ನಡುವೆ ಹೋಲಿಸಲು ಮಾತ್ರ ಬಳಸಬೇಕು. ತೇಲಿದ್ದರಲ್ಲಿ ಉದ್ದುದ್ದ, ಸುಕ್ಕು ಬೇರೆ ಥರ ಇರುವ ಕಾಳಿದ್ದರೆ ಒಡೆದು ನೋಡಿ. ಕಲಬೆರಕೆಗೆ ಬಳಸುವ ಪರಂಗಿ ಬೀಜಕ್ಕೆ ಮೆಣಸಿನ ಘಾಟು ಇರುವುದಿಲ್ಲ. ಈ ಸಲ ಮೂರರಲ್ಲೂ ಸಿಗಲಿಲ್ಲ.

ಪೇಟೆಯ ಮಾದರಿಗೆ ಒಂದು ಹೊಳಪಿತ್ತು. ಒಣಗಿದ ಮೆಣಸು ಮಂಕಾಗಿರಬೇಕು, ಸುಕ್ಕಿನ ಸಂದಿಯಲ್ಲಿ ತುಸು ಬೂದು ಬಣ್ಣ ಕಾಣಬೇಕು. ಹಿಡಿ ಕಾಳನ್ನು ಬಿಳಿ ಬ್ಲಾಟಿಂಗ್ ಕಾಗದದಲ್ಲಿ ಸುತ್ತಿ ಒಂದು ರಾತ್ರಿ ಭಾರದ ಕೆಳಗಿಟ್ಟರೆ, ಕಾಗದದ ಮೇಲೆ ಅರೆಪಾರದರ್ಶಕ ಚುಕ್ಕೆಗಳು. ಒಡೆಯದ ಕಾಳಿನೊಳಗಿನ ಎಣ್ಣೆ ಹೀಗೆ ಹೊರಗೆ ಬರುವುದಿಲ್ಲ. ಗಾಳಿಗಿಟ್ಟು ಎರಡು ದಿನವಾದರೂ ಚುಕ್ಕೆ ಆರಲಿಲ್ಲ. ಹೊಳಪಿಗೂ ಬೂಷ್ಟು ತಡೆಯಲೂ ಖನಿಜ ತೈಲ ಸವರುವುದು ಈ ವ್ಯಾಪಾರದ ಹಳೆಯ ರೋಗ. ಖಚಿತಪಡಿಸಲು ಪ್ರಯೋಗಾಲಯವೇ ಬೇಕು, ಬಿಡಲು ಇಷ್ಟು ಅನುಮಾನ ಸಾಕು.

ಮಲ್ಲಿಗೆಸರ ಆಯ್ಕೆಯಾಯಿತು. ಕೆಜಿಗೆ 720, 60 ಕೆಜಿ.

ಫೆಬ್ರವರಿ ಎರಡನೇ ವಾರ: ತೇವ ಹೆಚ್ಚು

ಈ ಸಲದ ತೊಂದರೆಯೆಲ್ಲ ಇಲ್ಲೇ. ಚೀಲ ಹೊರಡುವ ಮುಂಚೆ ಸಹಕಾರಿ ಸಂಘದ ತೇವಾಂಶ ಮೀಟರಿನಲ್ಲಿ ನೋಡಿದರೆ 13%. ನಮಗೆ ಬೇಕಾದದ್ದು 11%. ಬೆಳೆಗಾರರೇ ನಾಲ್ಕು ಕಾಳು ಕಚ್ಚಿ ನೋಡಿ, "ಇನ್ನೆರಡು ಬಿಸಿಲು ಬೇಕು" ಅಂದರು. ಒಣಗಿದ ಕಾಳು ಹಲ್ಲಿಗೆ ಟಕ್ಕೆಂದು ಒಡೆಯುತ್ತದೆ, ಇದು ಒತ್ತಿದಂತಾಗಿ ಆಮೇಲೆ ಒಡೆಯುತ್ತಿತ್ತು.

ಕಾರಣ, ಎಲ್ಲ ಕಾಳನ್ನೂ ಬಿಸಿನೀರಿಗೆ ಅದ್ದದೆ ಇದ್ದದ್ದು. ಕರೆಯಲ್ಲಿ (ಮೆಣಸಿನ ಗೊನೆಯಲ್ಲಿ) ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಕಾಳು ಬಿಡಿಸಿ, ತೂತಿನ ಬುಟ್ಟಿಯಲ್ಲಿ ತುಂಬಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಸಿಪ್ಪೆ ಬೇಗ, ಒಂದೇ ಸಮ ಕಪ್ಪಾಗುತ್ತದೆ, ಒಣಗುವುದೂ ಬೇಗ. ಈ ಲಾಟಿನಲ್ಲಿ ಅರ್ಧ ಅದ್ದಿದ್ದು, ಅರ್ಧ ಹಾಗೇ ಹರವಿದ್ದು. ನಾಲ್ಕು ಬಿಸಿಲಿಗೆ ಅದ್ದಿದ್ದು ಒಣಗಿತ್ತು, ಅದ್ದದೆ ಇದ್ದದ್ದು ಒಳಗೆ ಹಸಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ ಮೀಟರು ನಡುವಿನ ಅಂಕಿ ತೋರಿಸಿತು. ಹೀಗೇ ಬಂದಿದ್ದರೆ ಹಸಿ ಕಾಳಿನ ತೇವ ಒಣಕಾಳಿಗೂ ಇಳಿದು, ಜೂನ್ ಹೊತ್ತಿಗೆ ಮುಗ್ಗಲು ವಾಸನೆ ಗ್ಯಾರಂಟಿ. ಒಂದು ನಿಮಿಷ ಅಂದರೆ ಒಂದೇ ನಿಮಿಷ. ಬಹಳ ಹೊತ್ತು ಬೇಯಿಸಿದರೆ ಕಪ್ಪು ಬಣ್ಣ ತರುವ ಕಿಣ್ವವೇ ಸತ್ತು ಕಾಳು ಕಂದಾಗಿ ಉಳಿಯುತ್ತದೆ.

ಮನೆಯ ಓವನ್ನಿನಲ್ಲಿ ತೇವ ಅಳೆಯಲು ಹೋಗಬೇಡಿ. ನೀರಿನ ಜೊತೆ ಮೆಣಸಿನ ಸುಗಂಧ ತೈಲವೂ ಹಾರಿ, ಇಲ್ಲದ ತೇವ ಲೆಕ್ಕಕ್ಕೆ ಬರುತ್ತದೆ.

ಎರಡು ಬಿಸಿಲು ಮತ್ತೆ ತಾಡಪಾಲಿನ ಮೇಲೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿದ್ದು. ಸಗಣಿ ಸಾರಿಸಿದ ಅಂಗಳ ಬೇಡವೆಂದು ಮೊದಲೇ ಮಾತಾಗಿತ್ತು. ಮೆಣಸನ್ನು ಎಷ್ಟೋ ಸಲ ಬೇಯಿಸದೆಯೇ ಮೇಲೆ ಉದುರಿಸಿ ತಿನ್ನುತ್ತೇವೆ, ನೆಲದ ಸೂಕ್ಷ್ಮಾಣು ಅದರ ಜೊತೆಗೇ ತಟ್ಟೆಗೆ ಬರುತ್ತದೆ.

ಈಗ ದುಡ್ಡಿನ ಲೆಕ್ಕ. 60 ಕೆಜಿಯಲ್ಲಿ 13% ನೀರು ಹೋದರೆ ಒಣ ಪದಾರ್ಥ 52.2 ಕೆಜಿ. ಅದೇ ಮಾಲು 11% ತೇವಕ್ಕೆ ಬಂದಾಗ 58.65 ಕೆಜಿ ತೂಗುತ್ತದೆ. 1.35 ಕೆಜಿ ನೀರು ಆರಿತು, 720ರ ದರದಲ್ಲಿ ಅದು 970 ರೂಪಾಯಿ. ಚೆನ್ನಾಗಿ ಒಣಗಿಸಿದ ತಪ್ಪಿಗೆ ಬೆಳೆಗಾರರೇ ಅದನ್ನು ಕಳೆದುಕೊಂಡರೆ ಮುಂದಿನ ವರ್ಷ ಯಾರೂ ಒಣಗಿಸುವುದಿಲ್ಲ. ಆದ್ದರಿಂದ ದರ 740ಕ್ಕೆ ಏರಿಸಿ 58.65 ಕೆಜಿಗೆ 43,400 ಕೊಟ್ಟದ್ದು. ಹಸಿ ತೂಕಕ್ಕೆ ಸಿಗುತ್ತಿದ್ದದ್ದು 43,200. ದೇಶಿ ಮಾಲು ಕೊಳ್ಳುತ್ತೇವೆ ಅನ್ನುವವರು ಮೊದಲು ಸರಿಪಡಿಸಿಕೊಳ್ಳಬೇಕಾದ್ದು ಈ ಲೆಕ್ಕವನ್ನೇ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಫೆಬ್ರವರಿ ಕೊನೆ: ಮೊರದಲ್ಲಿ ಕೇರಿ, ಪೊಟ್ಟಣ ತುಂಬಿದ್ದು

ಮೊರದಲ್ಲಿ ಕೇರಿದಾಗ ಜೊಳ್ಳು, ತೊಟ್ಟು, ದೂಳು ಸೇರಿ 1.2 ಕೆಜಿ ಹೋಯಿತು. ಉಳಿದದ್ದು 57.45. ಬಿಸಿಲಿನಿಂದ ತಂದ ಬಿಸಿಯಲ್ಲೇ ತುಂಬಬಾರದು, ಪೊಟ್ಟಣದೊಳಗೆ ಬೆವರುತ್ತದೆ. ನೆರಳಿನಲ್ಲಿ ಒಂದು ರಾತ್ರಿ ಆರಿಸಿ, ಬೆಳಗ್ಗೆ 250 ಗ್ರಾಮಿನ 224 ಪೊಟ್ಟಣ ಕಟ್ಟಿದ್ದು.

ಚೀಟಿಯ ಮೇಲೆ: ತೋಟದ ಊರು, ತಳಿ, ಕೊಯ್ದ ತಿಂಗಳು, ಲೀಟರ್ ತೂಕ, ತೇವ. ಅಂಗಡಿಯ ಪೊಟ್ಟಣದ ಮೇಲಿನ ವಿಳಾಸ ಸಾಮಾನ್ಯವಾಗಿ ತುಂಬಿದವರದ್ದು, ಬೆಳೆದ ನೆಲದ್ದಲ್ಲ. ಕಾಳು ನೋಡಿ ನೆಲ ಹೇಳಲಾಗದು ಅಂದಮೇಲೆ ಬೆಳೆಗಾರರ ರಸೀದಿ, ಕೊಯ್ಲಿನ ತಿಂಗಳು, ಇವೇ ಸಾಕ್ಷಿ. ತೋಟದವರ ಪರಿಚಯ ಇಲ್ಲದವರು ಶಿರಸಿಯ ಟಿಎಸ್‌ಎಸ್, ಮಂಗಳೂರಿನ ಕ್ಯಾಂಪ್ಕೊದಂಥ ಬೆಳೆಗಾರರ ಸಹಕಾರಿಗಳಲ್ಲಿ ವಿಚಾರಿಸಬಹುದು.

ಮಾಲಿಗೆ 43,400, ಸಾಗಣೆಗೆ 600, ಪೊಟ್ಟಣಕ್ಕೆ 1,120. ಮನೆಗೆ ಬಿದ್ದದ್ದು ಕೆಜಿಗೆ 806. ಪೇಟೆಯ ಮಾದರಿಗಿಂತ 116 ಹೆಚ್ಚು, ಅಂದರೆ ಒಂದು ಕೆಜಿ ವರ್ಷಪೂರ್ತಿ ಬರುವ ಮನೆಗೆ ತಿಂಗಳಿಗೆ ಹತ್ತು ರೂಪಾಯಿಯೂ ಇಲ್ಲ.

ಬಾಕಿ

ಮಿಕ್ಕ 1.45 ಕೆಜಿಯಲ್ಲಿ ಅರ್ಧ ಕೆಜಿ ಸ್ಟೀಲ್ ಡಬ್ಬಿಯಲ್ಲಿ, ಅರ್ಧ ಕೆಜಿ ಅದೇ ಪೊಟ್ಟಣಗಳಲ್ಲಿ ಇಟ್ಟಿದೆ. ಮಳೆ ಹಿಡಿದ ಮೇಲೆ, ಜುಲೈ ಕೊನೆಯಲ್ಲಿ ಎರಡನ್ನೂ ತೂಗಿ, ಕಚ್ಚಿ, ಮೂಸಿ ನೋಡುವುದು. ಉಳಿದದ್ದು ಮುಂದಿನ ಸುಗ್ಗಿಯ ಮಾದರಿ ಪಕ್ಕದಲ್ಲಿಡಲು. ಮುಂದಿನ ಲಾಟು ಪೂರ್ತಿ ಅದ್ದಿದ್ದೇ ಆಗಬೇಕು. ಈ ಲಾಟಿನ 60 ಕೆಜಿ ಒಣಮೆಣಸಿಗೆ ಹಸಿಕಾಳು ಬೇಕಾದದ್ದು 180 ಕೆಜಿಯಷ್ಟು, ಇದ್ದದ್ದು ಒಂದೇ ಸಣ್ಣ ಬುಟ್ಟಿ. ಹತ್ತು ಕೆಜಿ ಹಿಡಿಯುವ ಇನ್ನೆರಡು ತೂತಿನ ಸ್ಟೀಲ್ ಬುಟ್ಟಿಗೆ ಮುಂಗಡ ಕೊಟ್ಟಾಗಿದೆ.