ಬೋರರ್ ಹುಡುಕುವ ಕಣ್ಣು

ಸೆಪ್ಟೆಂಬರ್ ಬಂತೆಂದರೆ ಚಿಕ್ಕಮಗಳೂರಿನ ನಮ್ಮ ಆಲ್ದೂರು ಕಡೆ ಬೋರರ್ ಬಿದ್ದ ಕಾಫಿ ಗಿಡ ಹುಡುಕುವ ಕೆಲಸ ಶುರು. ಅರೇಬಿಕಾ ಕಾಫಿ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೋರರ್ ಅಂದರೆ ಬಿಳಿ ಕಾಂಡಕೊರಕ ಅನ್ನುವ ದುಂಬಿ. ಅದು ಕಾಫಿ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ತೊಗಟೆಯ ಅಡಿಯಲ್ಲೇ ತಿನ್ನುತ್ತದೆ. ಆಮೇಲೆ ಕಾಂಡದೊಳಗೆ ಹೊಕ್ಕು ಬೇರಿನವರೆಗೂ ಕೊರೆಯುತ್ತದೆ. ಒಳಗೆ ಹೊಕ್ಕ ಹುಳಕ್ಕೆ ಔಷಧಿ ತಲುಪುವುದಿಲ್ಲ. ದುಂಬಿಯಾಗಿ ಹೊರಗೆ ಬಂದು ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್‌–ಮೇ ತಿಂಗಳಲ್ಲಿ ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ, ಅಂದರೆ ಮಾರ್ಚಿನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಹುಳ ಬಿದ್ದ ಗಿಡ ಹುಡುಕಿ ಕಿತ್ತು ಸುಡಬೇಕು.

ಈ ಹುಡುಕುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಎಲೆಯ ಬಣ್ಣ ಒಂದಿಷ್ಟು ಇಳಿದಿದ್ದರೆ, ಬಿಸಿಲು ಬೀಳುವ ಕಡೆಯ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಸ್ವಲ್ಪ ಜೋತಿದ್ದರೆ, ಕಾಲು ತಾನಾಗಿ ನಿಲ್ಲುತ್ತದೆ. ಬಗ್ಗಿ ಕಾಂಡದ ಮೇಲೆ ಹೆಬ್ಬೆರಳು ಆಡಿಸಿದರೆ ಹುಳ ತಿಂದ ದಾರಿ ತೊಗಟೆಯ ಮೇಲೆ ಉಬ್ಬಿರುವುದು ಕೈಗೆ ಸಿಗುತ್ತದೆ, ಮುಂಗೈಯ ನರ ಸಿಕ್ಕ ಹಾಗೆ. ಕಲಿಸಿದ್ದು ಅಪ್ಪ. ಅವರು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ನನ್ನ ತಮ್ಮನಿಗೂ ಅಷ್ಟೇ ಕಲಿಸಿದರು, ಅದೇ ತೋಟ, ಅದೇ ಸಾಲು. ಅವನಿಗೆ ಹತ್ತಲಿಲ್ಲ. ಆದರೆ ಅವನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ ಓಡುವ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಾನೆ. ನನಗೆ ಆ ಸದ್ದೆಲ್ಲ ಒಂದೇ ಥರ ಕೇಳಿಸುತ್ತದೆ. ಕಲಿಸಿದ ಕೈ ಒಂದೇ ಆಗಿದ್ದೂ ಇಬ್ಬರಿಗೆ ಬೇರೆ ಬೇರೆಯಾಗಿ ಹತ್ತಿದ್ದನ್ನು ನಾನು ದೇವರು ಕೊಟ್ಟದ್ದು ಅಂತಲೇ ನಂಬಿದ್ದೇನೆ.

ಚರ್ಚಿನಲ್ಲಿ ದೇವರ ವರಗಳ ಮಾತು ಬಂದಾಗ ಹಾಡುವವರು, ವಾಚನ ಓದುವವರು, ಕೀಬೋರ್ಡ್ ನುಡಿಸುವವರು, ಪೀಠಕ್ಕೆ ಹೂ ಜೋಡಿಸುವವರು ನೆನಪಾಗುತ್ತಾರೆ. ಆಗಲೇಬೇಕು. ನನ್ನ ಹೆಂಡತಿ ಕ್ವಾಯರಿನಲ್ಲಿ ಹಾಡುತ್ತಾಳೆ, ಅವಳ ದನಿ ಕೇಳಿದರೆ ನನಗೆ ಪ್ರಾರ್ಥನೆ ಸುಲಭವಾಗುತ್ತದೆ. ಹಾಗಂತ ವರಗಳ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಬೈಬಲ್ಲಿನ ವಿಮೋಚನಕಾಂಡದಲ್ಲಿ ಬೆಚಲೇಲ ಅನ್ನುವ ಒಬ್ಬ ಕುಶಲಕರ್ಮಿ ಬರುತ್ತಾನೆ. ದೇವರು ಅವನಲ್ಲಿ ತನ್ನ ಆತ್ಮವನ್ನು ತುಂಬಿಸಿದ್ದು ಚಿನ್ನ, ಬೆಳ್ಳಿ, ತಾಮ್ರದ ಕೆಲಸ ಮಾಡುವುದಕ್ಕೆ, ಕಲ್ಲು ಕೆತ್ತುವುದಕ್ಕೆ, ಮರ ಕೆತ್ತುವುದಕ್ಕೆ. ಅದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಂಬಳಕ್ಕೆ ಮಾಡಿದರೆ ವರ ಸಣ್ಣದಾಗುತ್ತದೆ ಅಂತಲೂ ನಾನು ಒಪ್ಪುವುದಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ನಾನು ಸಂಬಳ ತಗೊಂಡೇ ಗಿಡ ನೋಡಿದ್ದು. ಆಗಲೂ ಅದೇ ಕಣ್ಣು, ಅದನ್ನು ಕೊಟ್ಟವನೂ ಅದೇ ದೇವರು.

ಈ ವರದಲ್ಲಿ ಒಂದು ಕಷ್ಟ ಇದೆ. ಹಾಡುವವರು ಹಾಡಿದರೆ ಕೇಳಿದವರಿಗೆ ಖುಷಿ. ನನ್ನ ಕಣ್ಣಿಗೆ ಏನಾದರೂ ಬಿತ್ತು ಅಂದರೆ ಯಾರದ್ದೋ ತೋಟಕ್ಕೆ ಕೆಟ್ಟ ಸುದ್ದಿ. ಅದು ಈ ಸೆಪ್ಟೆಂಬರಿನಲ್ಲಿ ಪೂರ್ತಿ ಗೊತ್ತಾಯಿತು.

8ನೇ ತಾರೀಖಿನ ತೆನೆ ಹಬ್ಬ ಕಳೆದ ವಾರ ಅದು. ಆಶೀರ್ವಾದ ಮಾಡಿಸಿ ತಂದ ಭತ್ತದ ತೆನೆ ಇನ್ನೂ ಮನೆಯ ಪೀಠದ ಮೇಲೇ ಇತ್ತು. ಮಳೆ ಬಿಡುವು ಕೊಟ್ಟಿತ್ತು. ಪಕ್ಕದ ತೋಟದ ಅಕ್ಕ ಬೇಲಿ ಹತ್ತಿರ ಬಂದು ಕರೆದರು.

"ಗಿಡ ಯಾಕೋ ಹಳದಿ ಆಗ್ತಿದೆ ತಮ್ಮ. ಗೊಬ್ಬರ ಕಮ್ಮಿ ಆಯ್ತಾ, ಮಳೆ ಜಾಸ್ತಿ ಆಯ್ತಾ, ಒಂದೂ ಗೊತ್ತಾಗ್ತಿಲ್ಲ. ಒಂದ್ಸಲ ಬಂದು ನೋಡ್ತೀಯಾ?"

ಅವರದ್ದು ಒಂದೂವರೆ ಎಕರೆ. ಗಂಡ ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ. ತೋಟದ ಕೆಳಗಿನ ಭಾಗ ಸೊಗಸಾಗಿದೆ, ಒಳ್ಳೇ ನೆರಳು. ಮೇಲಿನ ದಿಬ್ಬಕ್ಕೆ ಹೋದ ಕೂಡಲೇ ಕಾಲು ನಿಂತಿತು. ಮೊದಲನೇ ಗಿಡದ ಕಾಂಡ ಮುಟ್ಟಿದೆ. ಪಕ್ಕದ್ದನ್ನೂ ಮುಟ್ಟಿದೆ. ಅದರಾಚೆಯದನ್ನೂ. ಮೂರರಲ್ಲೂ ಆ ಉಬ್ಬಿದ ಗೀರು ಸಿಕ್ಕಿತು.

"ಅಕ್ಕ, ಇದು ಗೊಬ್ಬರದ್ದಲ್ಲ. ಬೋರರ್."

ಅವರು ನಂಬಲಿಲ್ಲ. ಯಾಕೆ ನಂಬಬೇಕು? ಗಿಡದ ತುಂಬ ಹಸಿರು ಕಾಯಿ. ಇನ್ನೆರಡು ತಿಂಗಳಲ್ಲಿ ಹಣ್ಣಾಗುವ ಫಸಲು. "ಇಷ್ಟು ಕಾಯಿ ಹಿಡಿದಿರೋ ಗಿಡಕ್ಕೆ ಎಂಥ ರೋಗ ಮಾರಾಯ? ಇದ್ರೂ ಇರ್ಲಿ, ಕೊಯ್ಲು ಮುಗೀಲಿ, ಆಮೇಲೆ ಕೀಳಿಸ್ತೀನಿ" ಅಂದರು.

ಅವರು ಹೇಳಿದ್ದು ಯಾವ ಬೆಳೆಗಾರನಾದರೂ ಹೇಳುವ ಮಾತೇ. ಆದರೆ ಕೊಯ್ಲು ಮುಗಿಯುವಷ್ಟರಲ್ಲಿ ದುಂಬಿ ಹಾರಿ ಮುಗಿದಿರುತ್ತದೆ. ಕೆಳಗಿನ ಭಾಗದಲ್ಲಿ ಚೆನ್ನಾಗಿರುವ ಗಿಡಗಳಿಗೂ ಮೊಟ್ಟೆ ಬಿದ್ದಿರುತ್ತದೆ. ನಮ್ಮ ತೋಟಕ್ಕೂ ಬರುತ್ತದೆ ಅನ್ನುವುದು ಬೇರೆ ಮಾತು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಆ ಮೂರನೇ ಆಳು. ಯಜಮಾನ ಊರಿಗೆ ಹೋಗುವಾಗ ಒಬ್ಬನಿಗೆ ಐದು ತಲಾಂತು, ಒಬ್ಬನಿಗೆ ಎರಡು, ಇವನಿಗೆ ಒಂದು ಕೊಟ್ಟ. ಒಂದು ಅಂದರೆ ಕಮ್ಮಿ ಅಲ್ಲ. ಒಂದು ತಲಾಂತು ಸುಮಾರು 6000 ದಿನಾರಿ, ಒಂದು ದಿನಾರಿ ಆಗಿನ ಕೂಲಿಯಾಳಿನ ಒಂದು ದಿನದ ಸಂಬಳ. ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು ಅಭ್ಯಾಸವಾದವನಿಗೆ ಲೆಕ್ಕ ಥಟ್ಟನೆ ಆಗುತ್ತದೆ: ವರ್ಷಕ್ಕೆ 300 ದಿನದ ಕೆಲಸ ಅಂದರೂ 20 ವರ್ಷದ ದುಡಿಮೆ. ಅಷ್ಟನ್ನೂ ಅವನು ಮಣ್ಣಿನಲ್ಲಿ ಹೂತಿಟ್ಟ. ಕದಿಯಲಿಲ್ಲ, ಕುಡಿದು ಹಾಳು ಮಾಡಲಿಲ್ಲ. ಹೆದರಿದ, ಅಷ್ಟೇ. ನಾನೂ "ನೋಡೋಣ ಬಿಡಿ ಅಕ್ಕ, ಸ್ವಲ್ಪ ಯೂರಿಯಾ ಕೊಡಿ" ಅಂತ ಹೇಳಿ ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಕ್ಕ ಕಾಫಿ ಕೊಟ್ಟು ಕಳಿಸುತ್ತಿದ್ದರು. ನನ್ನ ಕಣ್ಣಿಗೆ ಕಂಡದ್ದು ನನ್ನೊಳಗೇ ಹೂತು ಹೋಗುತ್ತಿತ್ತು.

ಕತ್ತಿ ತರಿಸಿಕೊಂಡು ಒಂದು ಗಿಡವನ್ನು ಬುಡಕ್ಕೆ ಕಡಿದೆ. ಕಾಂಡವನ್ನು ಉದ್ದಕ್ಕೆ ಸೀಳಿ ತೋರಿಸಿದೆ. ಒಳಗೆ ಕೊರೆದ ದಾರಿ, ಅದರ ತುಂಬ ಗಟ್ಟಿಯಾಗಿ ಒತ್ತಿದ ಪುಡಿ. ಇನ್ನೊಂದು ಚೂರು ಸೀಳಿದಾಗ ಹುಳವೂ ಸಿಕ್ಕಿತು, ತಲೆ ಕಡೆ ದಪ್ಪ, ಬಾಲದ ಕಡೆ ಸಣ್ಣ, ಬಿಳಿಚಿಕೊಂಡ ಹಳದಿ.

ಅಕ್ಕ ಸುಮಾರು ಹೊತ್ತು ನೋಡಿದರು. "ಇವೆಲ್ಲ ನಮ್ಮ ಯಜಮಾನ್ರು ನೆಟ್ಟಿದ್ದು" ಅಂದರು. ಆಮೇಲೆ, "ದೇವರು ನಿಂಗೆ ಎಂಥ ಕಣ್ಣು ಕೊಟ್ಟ ಮಾರಾಯ" ಅಂದರು. ಅದು ಹೊಗಳಿಕೆಯೋ ಸಂಕಟವೋ, ಎರಡೂ ಇತ್ತು ಅಂತ ಕಾಣುತ್ತದೆ. ನನ್ನ ವರದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಅದರಷ್ಟು ನಿಜವಾದದ್ದು ಇನ್ನೊಂದಿಲ್ಲ.

ಮಧ್ಯಾಹ್ನದವರೆಗೂ ಇಬ್ಬರೂ ಸಾಲು ಸಾಲು ನಡೆದೆವು. ನಾನು ಮುಟ್ಟಿ ಹೇಳುವುದು, ಅಕ್ಕ ಬಾಳೆಪಟ್ಟೆಯ ನಾರು ಕಟ್ಟಿ ಗುರುತು ಮಾಡುವುದು. ಎಣಿಸಲು ಶುರುಮಾಡಿದ್ದೂ ಅವರೇ, ಐವತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟದ್ದೂ ಅವರೇ. ಅನುಮಾನ ಇದ್ದ ಗಿಡವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಒಂದು ಗಿಡ ಸುಮ್ನೆ ಹೋಗಬಾರದು ಅಂತ ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದೆ.

ದಿಬ್ಬದ ಮೇಲೇ ಯಾಕೆ ಇಷ್ಟು ಬಿತ್ತು ಅನ್ನುವುದೂ ನನಗೆ ಕಾಣುತ್ತಿತ್ತು. ಈ ದುಂಬಿಗೆ ಬಿಸಿಲು ಬೇಕು. ಅಲ್ಲಿ ಇದ್ದ ಸಿಲ್ವರ್ ಮರಗಳನ್ನು ಹಿಂದೆ ಮಾರಿದ್ದರು, ಗಂಡನ ಆಸ್ಪತ್ರೆ ಖರ್ಚಿಗೆ. ನೆರಳು ಹೋಯಿತು, ಹುಳ ಬಂತು. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಹುಳದ ವಿಷಯ ಹೇಳದಿದ್ದರೆ ತೋಟ ಹೋಗುತ್ತಿತ್ತು, ಆ ವಿಷಯ ಹೇಳಿದ್ದರೆ ಅವರ ಮನಸ್ಸು ಒಡೆಯುತ್ತಿತ್ತು. ಕಂಡದ್ದನ್ನೆಲ್ಲ ಹೇಳಿಬಿಡು ಅಂತ ದೇವರು ಕಣ್ಣು ಕೊಡುವುದಿಲ್ಲ. "ಮುಂದಿನ ಮಳೆಗೆ ಇಲ್ಲಿ ಹಾಲುವಾಣ ನೆಡಿ ಅಕ್ಕ, ನೆರಳು ಬೇಕು" ಅಂತ ಮಾತ್ರ ಅಂದೆ.

ಗುರುತು ಮಾಡಿ ಮನೆಗೆ ಬಂದುಬಿಟ್ಟರೆ ಆಯಿತಾ? ಕೆಟ್ಟ ಸುದ್ದಿ ತಂದವನು ಪಿಕಾಸಿಯನ್ನೂ ತರಬೇಕು ಅಂತ ನನಗೆ ಅನ್ನಿಸುತ್ತದೆ. ಆಳು ಸಿಗದ ಕಾಲ ಬೇರೆ. ತಮ್ಮನನ್ನೂ ಕರೆದೆ, ಶನಿವಾರ ಅಕ್ಕನ ಮಗನೂ ಬಂದ. ಬೇರು ಸಮೇತ ಕಿತ್ತೆವು. ಕಾಫಿ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ, ಒಲೆಗೆ ಇಟ್ಟುಕೊಳ್ಳೋಣ ಅಂದರು ಅಕ್ಕ. ಅದು ಮಾತ್ರ ಬೇಡ ಅಂದೆ. ಕಟ್ಟಿಗೆ ರಾಶಿಯೊಳಗಿಂದಲೇ ದುಂಬಿ ಹೊರಬಂದು ಮತ್ತೆ ತೋಟಕ್ಕೆ ಹೋಗುತ್ತದೆ. ಹಸಿ ಕಾಂಡ ಉರಿಸುವುದಕ್ಕೆ ಬಹಳ ಒದ್ದಾಡಿದೆವು. ಉಳಿದ ಗಿಡಗಳ ಕಾಂಡವನ್ನು ತೆಂಗಿನ ನಾರಿನಿಂದ ಉಜ್ಜಿ, ಏಳುವ ತೊಗಟೆಯನ್ನೆಲ್ಲ ತೆಗೆದೆವು. 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ ಬಳಿದೆವು. ಉಜ್ಜುವುದರಲ್ಲಿ ನನ್ನ ಹೆಂಡತಿಯದ್ದೇ ವೇಗ. ಹಾಡು ಹೇಳಿಕೊಂಡೇ ಉಜ್ಜಿದಳು, ಅಕ್ಕನೂ ತಮಗೆ ಗೊತ್ತಿದ್ದ ದೇವರನಾಮ ಹೇಳಿದರು.

ಈಗ ಅಕ್ಕ ಜೂನ್ ಬಂದ ಕೂಡಲೇ ಖಾಲಿ ಜಾಗದಲ್ಲಿ ಚಂದ್ರಗಿರಿ ಅನ್ನುವ ಅರೇಬಿಕಾ ತಳಿ ನೆಡುವ ಯೋಚನೆಯಲ್ಲಿದ್ದಾರೆ. ಫಸಲು ನೋಡಲು ಮೂರ್ನಾಲ್ಕು ವರ್ಷ ಬೇಕು, ಅದು ಅವರಿಗೂ ಗೊತ್ತು. ಸಸಿ ನೀನೇ ಆರಿಸಿ ಕೊಡು ಅಂತ ನನಗೇ ಹೇಳಿದರು. ಆ ಕೆಲಸ ನನ್ನ ಕೈಗೆ ಹತ್ತಿದ್ದಲ್ಲ. ಅದಕ್ಕೆ ನಮ್ಮ ಕಡೆಯೇ ನರ್ಸರಿ ಇಟ್ಟಿರುವ ಒಬ್ಬರಿದ್ದಾರೆ. ಸಸಿಯ ಬುಟ್ಟೆ ಎತ್ತಿ ತಿರುಗಿಸಿ ನೋಡಿದರೆ ಸಾಕು, ಬೇರು ನೆಟ್ಟಗಿದೆಯೋ ಸುತ್ತಿಕೊಂಡಿದೆಯೋ ಹೇಳಿಬಿಡುತ್ತಾರೆ. ಮೇ ಕೊನೆಗೆ ಅಕ್ಕನನ್ನು ಅವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹಾಲುವಾಣದ ಗೂಟ ಮಾತ್ರ ನಮ್ಮ ತೋಟದ್ದೇ ಕಡಿದು ಕೊಡುತ್ತೇನೆ.