ಬೆಂಗಳೂರಿಗೆ ಹೋಗುತ್ತಿದ್ದ ನನ್ನ ಮೆಸೇಜುಗಳು

"ಫೋನು ಅವ್ರ ಕಡೆ ಅದರೀ ಅಕ್ಕಾ, ಬೆಂಗಳೂರಾಗ."

ಮಂಗಳವಾರದಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ದೇವದುರ್ಗ ತಾಲ್ಲೂಕಿನ ನಮ್ಮೂರಲ್ಲಿ ನಾನು ಆಶಾ ಕಾರ್ಯಕರ್ತೆ. ಅವತ್ತು ಅಂಗನವಾಡಿಯಲ್ಲಿ ರಕ್ತ ನೋಡಿದಾಗ, ಈ ಮಾತು ಹೇಳಿದ ಐದು ತಿಂಗಳ ಬಸುರಿಗೆ ಹಿಮೋಗ್ಲೋಬಿನ್ 8.2 ಬಂತು. 11 ಇರಬೇಕು. ಸಿಸ್ಟರ್ ನನ್ನ ಮುಖ ನೋಡಿದರು.

ನಾನು ಮೆಸೇಜ್ ಕಳಿಸಿರಲಿಲ್ವಾ? ಊಟ ಆದ ಮೇಲೆ ಕಬ್ಬಿಣದ ಮಾತ್ರೆ ನುಂಗು, ಚಹಾದ ಜೊತೆ ಬೇಡ, ಊಟಕ್ಕೆ ನಿಂಬೆಹಣ್ಣು ಹಿಂಡಿಕೋ, ಮಲ ಕಪ್ಪಗಾದರೆ ಹೆದರಬೇಡ. ಪ್ರತಿ ಸಲ ಎರಡು ನೀಲಿ ಗೆರೆ ಬಿದ್ದಿದ್ದವು. ಓದಿದಳು ಅಂತ ಸಮಾಧಾನವಾಗಿದ್ದೆ.

"ಕರ್ರಗಾತರೀ. ಹೊಟ್ಯಾಗ ಏನೋ ಒಡದದ ಅಂತ ಅಂಜಿ ಬಿಟ್ಟೆ," ಅಂದಳು. ಮಾತ್ರೆಯೆಲ್ಲಾ ಜೋಳದ ಡಬ್ಬಿಯ ಹಿಂದೆ ಹಾಗೇ ಇದ್ದವು. ಅವಳ ಅಂಜಿಕೆಗೆ ಉತ್ತರ ನಾನು ಬರೆದಿದ್ದೆ. ಅದು ಗಾರೆ ಕೆಲಸಕ್ಕೆ ಹೋದ ಗಂಡನ ಜೇಬಿನಲ್ಲಿತ್ತು.

ತಾಯಿ ಕಾರ್ಡಿನಲ್ಲಿ ಬರೆದ ನಂಬರು ಅವನದು. ನನ್ನ ಪಟ್ಟಿ ತೆಗೆದು ನೋಡಿದೆ. ಜಾಸ್ತಿ ನಂಬರು ಗಂಡಂದಿರವೇ. ಅರ್ಧ ಊರು ದುಡಿಯಲು ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ವಾ? ಮೆಸೇಜ್ ಕಳಿಸಿದ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದರೆ ಮೇಲಿನವರು ಭೇಷ್ ಅಂತಾರೆ. ನಾನೂ ಅದನ್ನೇ ಕೆಲಸ ಅಂದುಕೊಂಡೆ. 2005ರಲ್ಲಿ ಆಶಾ ಶುರುವಾದಾಗ ಸಾವಿರ ಜನಕ್ಕೆ ಒಬ್ಬಳು ಅಂತ ಇಟ್ಟಿದ್ದು ಮನೆ ಮನೆಗೆ ನಡೆದು ಹೋಗಲಿ ಅಂತ ಅಲ್ವಾ? ಆ ಮನೆ ನನ್ನ ಮನೆಯಿಂದ ಎರಡೇ ಓಣಿ.

ಅವಳ ಅತ್ತೆ ಜೋರಿನವಳು ಅಂತ ಊರು ಆಡಿಕೊಳ್ಳುತ್ತೆ. ಸೊಸೆಗೆ ನುಗ್ಗೆ ಸೊಪ್ಪು ಮಾಡಿ ಹಾಕುವುದು ಆಕೆಯೇ. ಗಂಡನೂ ಒಳ್ಳೆಯವನು. ರಾತ್ರಿ ಫೋನ್ ಮಾಡಿದಾಗ, "ಎಲ್ಲಾ ಓದೀನ್ರೀ ಅಕ್ಕಾ. ಹೆಣ್ಮಕ್ಕಳ ವಿಷಯ, ಫೋನಿನ್ಯಾಗ ಹ್ಯಾಂಗ ಹೇಳ್ಲಿ ಅಂತ ಸುಮ್ನಾದೆ," ಅಂದ. ಅವನ ದನಿ ನಡುಗುತ್ತಿತ್ತು. ಸಿಸ್ಟರ್ ದಿನಕ್ಕೆ ಎರಡು ಮಾತ್ರೆ ಹೇಳಿದ್ದನ್ನು ಅವನಿಗೂ ತಿಳಿಸಿ, ಎಲ್ಲವನ್ನೂ ವಾಯ್ಸ್ ಮಾಡಿ ಕಳಿಸಿದೆ.

ನಿನ್ನೆ ಸಂಜೆ ಅವರ ಮನೆಯಲ್ಲೇ ಕೂತಿದ್ದೆ. ಅತ್ತೆಯ ಬಟನ್ ಫೋನ್ ಹೊಡಕೊಂಡಿತು. ಅವನು ಜೊತೆಗಾರನ ಫೋನಿನಿಂದ ಕರೆ ಮಾಡಿ, ತನ್ನ ಫೋನಿನಲ್ಲಿ ನನ್ನ ವಾಯ್ಸ್ ಹಚ್ಚಿದ್ದ. "ಮಾತ್ರಿ ನುಂಗವ್ವಾ, ಕರ್ರಗಾದ್ರ ಅಂಜಬ್ಯಾಡ," ಅಂತ ಬೆಂಗಳೂರಿನಿಂದ ನನ್ನದೇ ದನಿ ಬಂತು. ಅವಳು ನನ್ನನ್ನೇ ನೋಡುತ್ತಾ ಪೂರ್ತಿ ಕೇಳಿದಳು. ಅತ್ತೆ ಎದ್ದು ಡಬ್ಬಿಯ ಹಿಂದೆ ಕೈ ಹಾಕಿದಳು.