ಮುಟ್ಟಬಾರದ ನಾಣ್ಯಗಳು

ಹನ್ನೆರಡು ವರ್ಷ ಜತನವಾಗಿ ಕಾಪಾಡಿದ್ದ ಬೆಳ್ಳಿ ನಾಣ್ಯಗಳನ್ನು ಕಳೆದ ಶನಿವಾರ ಮಾರಿ ಬಂದೆ. ಅಮೆರಿಕದ ಟಂಕಸಾಲೆ ಸಂಗ್ರಾಹಕರಿಗೆಂದೇ ಅಚ್ಚು ಹಾಕುವ ಸಿಲ್ವರ್ ಈಗಲ್ ಪ್ರೂಫ್ ನಾಣ್ಯಗಳವು. ಕನ್ನಡಿಯಂಥ ಮೈ, ಅದರ ಮೇಲೆ ಮಂಜು ಕವಿದಂತೆ ಮೂಡಿದ ಲಿಬರ್ಟಿ ಎಂಬ ಸ್ವಾತಂತ್ರ್ಯ ದೇವತೆಯ ಚಿತ್ರ, ಒಂದೊಂದಕ್ಕೂ ಪಾರದರ್ಶಕ ಕರಡಿಗೆ, ಪೆಟ್ಟಿಗೆ, ಪ್ರಮಾಣಪತ್ರ. ವ್ಯಾಪಾರಿ ಮೊದಲನೆಯದನ್ನು ಅಂಗೈಗೆ ಸುರಿದುಕೊಂಡು, ಹೊಳೆಯುವ ಮೈಯ ಮೇಲೆ ಹೆಬ್ಬೆರಳೊತ್ತಿ ತಿರುಗಿಸಿದರು. ಬೆರಳು ಸರಿದಾಗ ಅಲ್ಲೊಂದು ಮಸುಕು ಗುರುತು ಉಳಿಯಿತು. ಪಕ್ಕದಲ್ಲಿದ್ದ ಒಂಬತ್ತು ವರ್ಷದ ಮಗಳು ಆಗ ಏನೂ ಅನ್ನಲಿಲ್ಲ. ಕಾರು ಹತ್ತಿದ ಮೇಲೆ ಕೇಳಿದಳು: "ನಾನು ಮುಟ್ಟೋಕೆ ಹೋದ್ರೆ ಕೈ ಹಿಡಿದು ತಡೀತಿದ್ದೆ. ಅವರು ಹೆಬ್ಬೆಟ್ಟು ಒತ್ತಿದಾಗ ಯಾಕೆ ಸುಮ್ಮನಿದ್ದೆ ಅಪ್ಪಾ?"

ಉತ್ತರ ಕೊಡಲಾಗಲಿಲ್ಲ. ಲೆಕ್ಕವನ್ನಾದರೆ ಹೇಳಬಹುದಿತ್ತು. ಪ್ರೂಫ್ ನಾಣ್ಯದಲ್ಲೂ ಸಾಮಾನ್ಯ ಈಗಲ್‌ನಲ್ಲೂ ಇರುವುದು ಒಂದೇ ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಬೆಳ್ಳಿ. ವರ್ಷಕ್ಕೆ ಲಕ್ಷಗಟ್ಟಲೆ ತಯಾರಾಗುವ ವಸ್ತುವಿಗೆ ಅಪರೂಪದ ಬೆಲೆ ಹುಟ್ಟುವುದು ಕಷ್ಟ, ಆದ್ದರಿಂದ ಹೊಳಪಿಗೂ ಪೆಟ್ಟಿಗೆಗೂ ನಾನು ತೆತ್ತ ಹೆಚ್ಚಿನ ಹಣ ಬಹುಪಾಲು ಹಿಂದಿರುಗಲಿಲ್ಲ. 22 ನಾಣ್ಯ ಕೊಟ್ಟು ಹತ್ತು ಔನ್ಸಿನ ಎರಡು ಬೆಳ್ಳಿ ಗಟ್ಟಿಗಳನ್ನೂ ಮೂರು ಸಾಮಾನ್ಯ ಈಗಲ್‌ಗಳನ್ನೂ ತಂದೆ. ಅಂದೇ ಗಟ್ಟಿ ಕೊಂಡಿದ್ದರೆ ಮಗಳ ಹೆಸರಿನ ಬೆಳ್ಳಿ ಈಗ ಇದರ ಎರಡರಷ್ಟಾದರೂ ಇರುತ್ತಿತ್ತು. ಉಳಿತಾಯಕ್ಕೆಂದು ಬೆಳ್ಳಿ ಕೊಳ್ಳುವವರಿಗೆ ಗಟ್ಟಿಯೇ ಸರಿ ಎಂಬುದರಲ್ಲಿ ನನಗೆ ಈಗ ಸಂಶಯವಿಲ್ಲ.

ಒಂದನ್ನು ಮಾತ್ರ ಕೊಡದೆ ಮರಳಿ ತಂದೆ: 1921ರ ಮಾರ್ಗನ್ ಡಾಲರ್, ಅಮೆರಿಕದ ಹಳೆಯ ಬೆಳ್ಳಿ ನಾಣ್ಯ. 26.73 ಗ್ರಾಂ ತೂಕ, 90% ಬೆಳ್ಳಿ. 1918ರ ಕಾಯಿದೆಯಂತೆ ಸುಮಾರು 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿದ ಮೇಲೆ ಮತ್ತೆ ಅಚ್ಚಾದ ಪೀಳಿಗೆಯದು. ಹಳೆಯ ಮಾರ್ಗನ್ ಮಾರುವವರು ಹಿಂಬದಿಯ ಹದ್ದಿನ ಬಾಲದ ಕೆಳಗೆ ಟಂಕಸಾಲೆ ಯಾವುದೆಂದು ಹೇಳುವ ಸಣ್ಣ ಅಕ್ಷರವನ್ನು ಭೂತಗನ್ನಡಿಯಲ್ಲಿ ನೋಡದೆ ತಕ್ಕಡಿಗೆ ಹಾಕಬಾರದು. 1893ರ 'ಎಸ್' (ಸ್ಯಾನ್ ಫ್ರಾನ್ಸಿಸ್ಕೊ) ಗುರುತಿನವು ಅಚ್ಚಾದದ್ದೇ ಒಂದು ಲಕ್ಷ. ತೊಳೆದು ಉಜ್ಜಲೂಬಾರದು, ಉಜ್ಜಿದರೆ ಸಂಗ್ರಾಹಕರು ಕೊಡುವ ಬೆಲೆ ಹೋಗುತ್ತದೆ. ನನ್ನದರಲ್ಲಿ ಇದ್ದದ್ದು ಡೆನ್ವರಿನ 'ಡಿ', ತೀರ ಸಾಮಾನ್ಯ. ಆದರೂ ಕೊಡಲು ಮನಸ್ಸಾಗಲಿಲ್ಲ, ಏಕೆಂದರೆ ಲಿಬರ್ಟಿಯ ಕೆನ್ನೆ ಸವೆದು ನುಣುಪಾಗಿತ್ತು, ಮತ್ತು ಅಂಥ ಸವೆತವನ್ನು ನಾನು ಮೊದಲು ನೋಡಿದ್ದು ಅಜ್ಜಿಯ ರೂಪಾಯಿಗಳಲ್ಲಿ.

ಅಜ್ಜಿ ತನ್ನ ಬೆಳ್ಳಿ ರೂಪಾಯಿಗಳನ್ನು ಮೊಮ್ಮಕ್ಕಳಿಂದ ಎಂದೂ ಬಚ್ಚಿಟ್ಟವಳಲ್ಲ. ಮಧ್ಯಾಹ್ನ ನಮ್ಮ ಮುಂದೆ ಸುರಿದು ಎಣಿಸಲು ಹೇಳುತ್ತಿದ್ದಳು. ಐದನೇ ಜಾರ್ಜ್‌ನ ಕಾಲದ ರೂಪಾಯಿ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯ ಪಾಲು ಐವತ್ತಕ್ಕೆ ಇಳಿಯಿತು. ಅಜ್ಜಿಗೆ ಈ ಅಂಕಿಗಳು ತಿಳಿಯವು, ಓದೂ ಬಾರದು. ಕಲ್ಲಿನ ನೆಲಕ್ಕೆ ಒಂದೊಂದನ್ನೇ ಬೀಳಿಸಿ, ದನಿ ಕೇಳಿ, "ಇದು ಗಟ್ಟಿದು, ಇದು ಬೆರಕೆದು" ಎಂದು ಬೇರೆ ಮಾಡುತ್ತಿದ್ದಳು. ನಾನು ಇಷ್ಟು ದೂರ ಬಂದು, ಇಷ್ಟು ಓದಿ, ಬೆಳ್ಳಿಯನ್ನು ಮಗಳ ಕೈಗೆಟುಕದ ಕಪಾಟಿನಲ್ಲಿ ಇಟ್ಟೆ.

ಆ ರಾತ್ರಿ ಮಾರ್ಗನ್ ಡಾಲರನ್ನು ಅವಳ ಅಂಗೈಯಲ್ಲಿಟ್ಟು ಅಜ್ಜಿಯ ಪರೀಕ್ಷೆಯನ್ನು ಹೇಳಿಕೊಟ್ಟೆ. ಮೇಜಿನ ಮೇಲೆ ಬಿದ್ದ ನಾಣ್ಯ ದೀರ್ಘವಾಗಿ ಮೊಳಗಿತು. ಹೊಸ ಗಟ್ಟಿಯನ್ನೂ ಬೀಳಿಸಿ ನೋಡಿದಳು. ಅದು ದೊಪ್ಪನೆ ಕೂತಿತು.

"ಇದು ಹಾಡಲ್ಲ ಅಪ್ಪಾ," ಎಂದು ಗಟ್ಟಿಯನ್ನು ನನ್ನ ಕಡೆ ಸರಿಸಿ, ನಾಣ್ಯವನ್ನು ತನ್ನ ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡಳು.